ಮಾತಿಗೆ ಬಹುಮಾನ, ಮಾತಾಡಿದವರಿಗೆ?

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ಮಾತಿನ ಸುಗ್ಗಿ ಆರಂಭವಾಗುತ್ತದೆ. ಸ್ವಾತಂತ್ರ್ಯ ದಿನದ ಭಾಷಣ, ಪ್ರತಿಭಾ ಕಾರಂಜಿಯ ಚರ್ಚಾಸ್ಪರ್ಧೆ, ಗಾಂಧಿ ಜಯಂತಿಯ ಆಶುಭಾಷಣ, ರಾಜ್ಯೋತ್ಸವದ ಭಾಷಣ ಸ್ಪರ್ಧೆ. ಉರ್ದು ಶಾಲೆಗಳಲ್ಲಿ ತಖ್ರೀರಿ ಮುಕಾಬಲಾ. ಕ್ಲಸ್ಟರಿನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಮಟ್ಟಕ್ಕೆ ಮಕ್ಕಳು ಹೋಗುತ್ತಾರೆ. ಗೆದ್ದವರ ಭಾವಚಿತ್ರ ಶಾಲೆಯ ಗೇಟಿನ ಬಳಿಯ ಫ್ಲೆಕ್ಸ್‌ನಲ್ಲಿ ರಾರಾಜಿಸುತ್ತದೆ. ಆಮೇಲೆ ಒಂದು ಭಾನುವಾರ ಸಮುದಾಯ ಭವನದಲ್ಲಿ ‘ಪ್ರತಿಭಾ ಪುರಸ್ಕಾರ’. ಶಾಲು, ಫಲಕ, ಹಣ್ಣಿನ ಬುಟ್ಟಿ, ಫೋಟೊ.

ಇಂತಹ ಸಮಾರಂಭಗಳಿಗೆ ಹೋಗಿ ಬಂದವರೆಲ್ಲರೂ ಒಂದು ಸಂಗತಿಯನ್ನು ಕಂಡಿರುತ್ತೇವೆ. ವೇದಿಕೆಯ ಮೇಲೆ ಶಾಸಕರು ಮಾತಾಡುತ್ತಾರೆ, ದಾನಿಗಳು ಮಾತಾಡುತ್ತಾರೆ, ಸಂಸ್ಥೆಯ ಅಧ್ಯಕ್ಷರು ಮಾತಾಡುತ್ತಾರೆ, ವಂದನಾರ್ಪಣೆ ಮಾಡುವವರೂ ಹತ್ತು ನಿಮಿಷ ಮಾತಾಡುತ್ತಾರೆ. ಅಲ್ಲಿ ಮಾತಾಡದೆ ಉಳಿಯುವವರು ಮಾತಿಗಾಗಿ ಬಹುಮಾನ ಪಡೆದ ಮಕ್ಕಳು ಮಾತ್ರ. ಹೆಸರು ಕರೆದಾಗ ಬರಬೇಕು, ಶಾಲು ಹೊದಿಸುವಾಗ ತಲೆ ಬಾಗಿಸಬೇಕು, ಫೋಟೊಗೆ ನಿಲ್ಲಬೇಕು, ಇಳಿದು ಹೋಗಬೇಕು. ಓಟದಲ್ಲಿ ಗೆದ್ದ ಹುಡುಗನನ್ನು ವೇದಿಕೆಯ ಮೇಲೆ ಓಡಿಸುವುದಿಲ್ಲ ನಿಜ. ಆದರೆ ಮಾತಿನಲ್ಲಿ ಗೆದ್ದ ಹುಡುಗಿಯನ್ನು, ‘ನಿನಗೇನಾದರೂ ಹೇಳಲಿಕ್ಕಿದೆಯೇ ಮಗಳೇ?’ ಎಂದು ಕೇಳಲು ಯಾವ ಅಡ್ಡಿಯಿದೆ?

ಇದನ್ನು ನಾವು ಬರೀ ಕಾರ್ಯಕ್ರಮದ ಸಮಯದ ಅಭಾವವೆಂದು ತಳ್ಳಿಹಾಕಲಾರೆವು. ಇದರ ಹಿಂದೆ ಒಂದು ನೈತಿಕ ಪ್ರಶ್ನೆಯಿದೆ. ಚೆನ್ನಾಗಿ ಮಾತಾಡುವ ಮಕ್ಕಳನ್ನು ಗೌರವಿಸುವಾಗ ನಾವು ನಿಜವಾಗಿ ಏನನ್ನು ಗೌರವಿಸುತ್ತೇವೆ? ಆ ಗೌರವ ನಮ್ಮ ಮೇಲೆ ಯಾವ ಹೊಣೆಯನ್ನು ಹೊರಿಸುತ್ತದೆ?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಕ್ಕಳನ್ನು ಗೌರವಿಸುವುದೇ ತಪ್ಪು, ಅದರಿಂದ ಅಹಂಕಾರ ಬೆಳೆಯುತ್ತದೆ ಎನ್ನುವವರೊಂದಿಗೆ ನಮಗೆ ಸಹಮತವಿಲ್ಲ. ಹದಿನಾಲ್ಕು ವರ್ಷದ ಮಗುವೊಂದು ಅಪರಿಚಿತ ಶಾಲೆಯ ಸಭಾಂಗಣದಲ್ಲಿ, ಮೂವರು ತೀರ್ಪುಗಾರರ ಎದುರು, ಕೈಯಲ್ಲಿ ಚೀಟಿಯಿಲ್ಲದೆ ಮೂರು ನಿಮಿಷ ನಿಲ್ಲುವುದು ಸಣ್ಣ ಸಂಗತಿಯಲ್ಲ. ಬೀಡಿ ಕಟ್ಟುವ ತಾಯಿಯ, ಗ್ಯಾರೇಜಿನಲ್ಲಿ ದುಡಿಯುವ ತಂದೆಯ ಮಗು ಹಾಗೆ ನಿಂತಾಗ ಆ ಮನೆಯಿಂದ ಮೊದಲ ಬಾರಿಗೆ ಒಂದು ಧ್ವನಿ ಮೈಕಿನ ಮುಂದೆ ಬಂದಿರುತ್ತದೆ. ನಮ್ಮ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಎಷ್ಟೇ ಕೊರತೆಗಳಿರಲಿ, ಕನ್ನಡ, ಉರ್ದು, ಹಿಂದಿ, ಇಂಗ್ಲಿಷ್ ಎಂಬ ಭೇದವಿಲ್ಲದೆ ಸರಕಾರಿ ಶಾಲೆಯ ಮಕ್ಕಳಿಗೆ ವೇದಿಕೆ ಕೊಟ್ಟ ಶ್ರೇಯಸ್ಸು ಅದಕ್ಕೆ ಸಲ್ಲಬೇಕು. ಧೈರ್ಯಕ್ಕೆ ಗೌರವ ಸಲ್ಲಲೇಬೇಕು.

ಹಾಗಾದರೆ ಸೋತವರ ಧೈರ್ಯಕ್ಕೆ? ಅವರೂ ಅದೇ ಮೈಕಿನ ಮುಂದೆ ಅಷ್ಟೇ ಹೊತ್ತು ನಿಂತಿದ್ದರಲ್ಲವೇ? ಈ ವಿಷಯದಲ್ಲಿ ಅಮೆರಿಕದ ಪ್ರೌಢಶಾಲೆಗಳ ಒಂದು ಪದ್ಧತಿ ಗಮನಾರ್ಹವಾಗಿದೆ. ವಿಸ್ಕಾನ್ಸಿನ್ ರಾಜ್ಯದ ರಿಪನ್ ಕಾಲೇಜಿನ ಬ್ರೂನೊ ಜೇಕಬ್ ಎಂಬ ಶಿಕ್ಷಕರು 1925ರಲ್ಲಿ ಪ್ರೌಢಶಾಲಾ ಭಾಷಣಕಾರರಿಗಾಗಿ ಒಂದು ಸಂಘವನ್ನು ಕಟ್ಟಿದರು. ನ್ಯಾಷನಲ್ ಫೊರೆನ್ಸಿಕ್ ಲೀಗ್ ಎಂಬ ಅದರ ಹೆಸರು 2014ರಲ್ಲಿ ನ್ಯಾಷನಲ್ ಸ್ಪೀಚ್ ಆ್ಯಂಡ್ ಡಿಬೇಟ್ ಅಸೋಸಿಯೇಷನ್ ಎಂದು ಬದಲಾಯಿತು. ಅಲ್ಲಿ ಚರ್ಚೆಯ ಒಂದು ಸುತ್ತು ಗೆದ್ದ ವಿದ್ಯಾರ್ಥಿಗೆ 6 ಅಂಕ. ಸೋತ ವಿದ್ಯಾರ್ಥಿಗೂ 3 ಅಂಕ. ಹೀಗೆ ವರ್ಷವರ್ಷ ಕೂಡಿದ ಅಂಕಗಳ ಮೇಲೆ ಗೌರವ ಶ್ರೇಣಿಗಳು ದೊರೆಯುತ್ತವೆ. ಸೋಲಿಗೂ ಗೆಲುವಿನ ಅರ್ಧದಷ್ಟು ಬೆಲೆ! ವಾದಕ್ಕೆ ಎದುರಾಳಿ ಬೇಕು, ಎದುರಾಳಿಯಿಲ್ಲದೆ ಗೆಲುವೂ ಇಲ್ಲ ಎಂಬ ಸರಳ ಸತ್ಯವನ್ನು ಆ ಲೆಕ್ಕಾಚಾರ ಒಪ್ಪಿಕೊಂಡಿದೆ. ನಮ್ಮಲ್ಲಿ ಸೋತವರಿಗೆ ಸಿಗುವುದು ಊರಿಗೆ ಮರಳುವ ಬಸ್ಸಿನಲ್ಲಿ ಮೇಷ್ಟ್ರ ಮೌನ ಮಾತ್ರ.

ಇನ್ನು ಗೆದ್ದವರ ಕಡೆ ಬರೋಣ. ನಮ್ಮ ಸ್ಪರ್ಧೆಗಳಲ್ಲಿ ತೀರ್ಪುಗಾರರ ಕೈಗೆ ಸಾಮಾನ್ಯವಾಗಿ ಒಂದು ಹಾಳೆ ಬರುತ್ತದೆ. ವಿಷಯ ಮಂಡನೆ, ಭಾಷಾಶುದ್ಧಿ, ಉಚ್ಚಾರಣೆ, ಹಾವಭಾವ, ಸಮಯಪಾಲನೆ ಎಂದು ಅದರಲ್ಲಿ ಅಂಕಣಗಳಿರುತ್ತವೆ. ಎದುರಿನವರ ಮಾತನ್ನು ಎಷ್ಟು ಗಮನವಿಟ್ಟು ಕೇಳಿದರು ಎಂಬುದಕ್ಕೆ ಮಾತ್ರ ಅಂಕಣವಿರುವುದು ಅಪರೂಪ. ಅದರ ಪರಿಣಾಮ ಹೇಗಿರುತ್ತದೆಂದರೆ, ‘ಮೊಬೈಲ್ ವರವೋ ಶಾಪವೋ’ ಎಂಬ ವಿಷಯದಲ್ಲಿ ಪರವಾಗಿ ಒಬ್ಬ ವಿದ್ಯಾರ್ಥಿ ಮಾತಾಡುತ್ತಾನೆ. ನಂತರ ವಿರೋಧವಾಗಿ ಬಂದವಳು ಅವನ ಒಂದು ಮಾತನ್ನೂ ಮುಟ್ಟುವುದಿಲ್ಲ. ಅವನು ಜ್ವರ ಬಂದು ಮನೆಯಲ್ಲೇ ಉಳಿದಿದ್ದರೂ ಅವಳ ಭಾಷಣದ ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಎರಡು ಭಾಷಣಗಳನ್ನೂ ಎರಡು ಶಾಲೆಗಳ ಮೇಷ್ಟ್ರುಗಳು ಹಿಂದಿನ ರಾತ್ರಿಯೇ ಬರೆದಿರುತ್ತಾರೆ. ಈಗಂತೂ ಮೇಷ್ಟ್ರಿಗೂ ಆ ಶ್ರಮ ಬೇಕಿಲ್ಲ. ಫೋನಿಗೆ ವಿಷಯ ಹೇಳಿದರೆ ಅದೇ ಮೂರು ನಿಮಿಷದ ಭಾಷಣ ಬರೆದುಕೊಡುತ್ತದೆ. ಮಗು ಕಂಠಪಾಠ ಮಾಡಿ ಒಪ್ಪಿಸುತ್ತದೆ. ನಾವು ಚಪ್ಪಾಳೆ ತಟ್ಟಿ ಇದನ್ನು ಚರ್ಚೆಯೆಂದು ಕರೆಯುತ್ತೇವೆ.

ಅಮೆರಿಕದವರೇನೂ ಈ ರೋಗದಿಂದ ಪಾರಾಗಿಲ್ಲ. ಅವರ ರೋಗದ ಲಕ್ಷಣ ಬೇರೆ. ನೀತಿ ನಿರೂಪಣೆಯ ವಿಷಯಗಳ ಮೇಲೆ ನಡೆಯುವ ಅಲ್ಲಿನ ಒಂದು ಬಗೆಯ ಚರ್ಚೆಯಲ್ಲಿ ವಿದ್ಯಾರ್ಥಿಗಳು ಹೆಚ್ಚು ವಾದಗಳನ್ನು ತುರುಕುವ ಹಟದಲ್ಲಿ ಉಸಿರು ಬಿಡದೆ, ಸಾಮಾನ್ಯರಿಗೆ ಒಂದು ಪದವೂ ತಿಳಿಯದ ವೇಗದಲ್ಲಿ ಮಾತಾಡತೊಡಗಿದರು. ಕೊನೆಗೆ 2002ರಲ್ಲಿ ಆ ಸಂಘವು, ಸಾಧಾರಣ ನಾಗರಿಕರು ಕೇಳಿ ತೀರ್ಪು ಕೊಡಬಲ್ಲ ‘ಪಬ್ಲಿಕ್ ಫೋರಂ’ ಎಂಬ ಹೊಸ ಬಗೆಯ ಚರ್ಚೆಯನ್ನು ಸೇರಿಸಿತು. ಗೆಲುವಿನ ಆಸೆ ಹೆಚ್ಚಿದಲ್ಲೆಲ್ಲಾ ಕೇಳುಗ ಮರೆತುಹೋಗುತ್ತಾನೆ. ಅಲ್ಲಿ ವೇಗದಲ್ಲಿ ಮರೆತರು, ಇಲ್ಲಿ ಕಂಠಪಾಠದಲ್ಲಿ ಮರೆಯುತ್ತಿದ್ದೇವೆ.

ಈ ಅಪಾಯವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಗುರುತಿಸಿದ್ದರು. ಗೌತಮನ ನ್ಯಾಯಸೂತ್ರವು ಮಾತಿನ ಸೆಣಸಾಟವನ್ನು ಮೂರಾಗಿ ವಿಂಗಡಿಸುತ್ತದೆ. ಸತ್ಯವನ್ನು ಅರಿಯಲು ಇಬ್ಬರು ಕೂಡಿ ನಡೆಸುವುದು ವಾದ. ಹೇಗಾದರೂ ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುವುದಷ್ಟೇ ಗುರಿಯಾದರೆ ಅದು ವಿತಂಡ. ಈ ಮೂರರಲ್ಲಿ ‘ವಾದ’ವೂ ‘ವಿತಂಡವಾದ’ವೂ ನಮ್ಮ ದಿನಬಳಕೆಯ ಕನ್ನಡದಲ್ಲಿ ಉಳಿದಿವೆ. ನಡುವಿನ ‘ಜಲ್ಪ’ವನ್ನು ಮಾತ್ರ ನಾವು ಮರೆತಿದ್ದೇವೆ. ಬಹುಶಃ ನಮ್ಮ ಸುತ್ತ ಅದೇ ಹೆಚ್ಚಾಗಿರುವುದರಿಂದ ಅದಕ್ಕೊಂದು ಪ್ರತ್ಯೇಕ ಹೆಸರು ಬೇಕೆನಿಸಲಿಲ್ಲವೇನೋ!

ಮುಸ್ಲಿಮ್ ವಿದ್ವತ್ ಪರಂಪರೆಯಲ್ಲಿ ಇದೇ ಪ್ರಶ್ನೆಯನ್ನು ಎತ್ತಿದವರು ಸ್ವತಃ ದೊಡ್ಡ ಚರ್ಚಾಪಟು. ಇಮಾಮ್ ಗಝ್ಝಾಲಿಯವರು 1091ರಲ್ಲಿ ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಪೀಠವನ್ನು ಅಲಂಕರಿಸಿದರು. ವಿದ್ವಾಂಸರು ಸುಲ್ತಾನರ, ವಝೀರರ ಸಮ್ಮುಖದಲ್ಲಿ ಮುನಾಝರಾ ನಡೆಸಿ ಕೀರ್ತಿ, ಪದವಿ ಗಳಿಸುತ್ತಿದ್ದ ಕಾಲವದು. ಆ ಕಲೆಯಲ್ಲಿ ಅವರಿಗೆ ಸಮಾನರು ವಿರಳವಾಗಿದ್ದರು. ನಾಲ್ಕೇ ವರ್ಷಗಳಲ್ಲಿ, 1095ರಲ್ಲಿ, ಅವರು ಆ ಪೀಠವನ್ನು ಬಿಟ್ಟು ಹೊರಟರು. ಮುಂದೆ ಇಬ್ರಾಹೀಮರ ಸಮಾಧಿಯ ಬಳಿ, ಇನ್ನು ಮುನಾಝರಾ ಮಾಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ‘ಇಹ್ಯಾ ಉಲೂಮಿದ್ದೀನ್’ ಗ್ರಂಥದ ಮೊದಲ ಭಾಗದಲ್ಲೇ ಈ ಚರ್ಚಾಕೂಟಗಳು ಮನುಷ್ಯನ ಒಳಗನ್ನು ಹೇಗೆ ಕೆಡಿಸುತ್ತವೆ ಎಂದು ವಿವರಿಸುತ್ತಾರೆ. ಅಸೂಯೆ, ಗರ್ವ, ಎದುರಾಳಿಯ ಸೋಲಿನಲ್ಲಿ ಖುಷಿ, ಸತ್ಯ ಅವನ ಬಾಯಿಂದ ಬಂದರೆ ಸಂಕಟ. ಆದರೂ ಅವರು ಚರ್ಚೆಯನ್ನು ಸಂಪೂರ್ಣವಾಗಿ ನಿಷೇಧಿಸಲಿಲ್ಲ. ಷರತ್ತುಗಳನ್ನು ಹಾಕಿದರು. ಅವುಗಳಲ್ಲಿ ಒಂದು ನಮ್ಮ ಮಕ್ಕಳಿಗೂ ಅರ್ಥವಾಗುವಂಥದ್ದು. ಚರ್ಚಿಸುವವನು ಕಳೆದುಹೋದ ವಸ್ತುವನ್ನು ಹುಡುಕುವವನಂತಿರಬೇಕು. ಅದು ತನ್ನ ಕೈಗೇ ಸಿಗಲಿ, ಜೊತೆಗೆ ಹುಡುಕುತ್ತಿದ್ದವನ ಕೈಗೇ ಸಿಗಲಿ, ಅವನಿಗೆ ಒಂದೇ ಸಂತೋಷ. ಸಿಕ್ಕಿತಲ್ಲ!

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದ ಆಕ್ಷೇಪವೇ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದು ಎಷ್ಟೋ ಸಲ ಚೀಟಿ ಎತ್ತಿ ನಿರ್ಧಾರವಾಗುತ್ತದೆ. ತಾನು ನಂಬದ ಪಕ್ಷವನ್ನು ಮಗು ಸಮರ್ಥಿಸಬೇಕು. ಹೀಗಿರುವಾಗ ಸತ್ಯಶೋಧನೆಯ ಮಾತೆಲ್ಲಿ? ನಂಬದ್ದನ್ನು ನಂಬಿದಂತೆ ಹೇಳುವುದನ್ನು ಎಳೆಯ ವಯಸ್ಸಿನಲ್ಲೇ ಕಲಿಸುವುದು ಸುಳ್ಳಿನ ಅಭ್ಯಾಸವಲ್ಲವೇ?

ಈ ಪ್ರಶ್ನೆ 1954ರಲ್ಲಿ ಅಮೆರಿಕದಲ್ಲಿ ದೊಡ್ಡ ವಿವಾದವಾಯಿತು. ಕಮ್ಯುನಿಸ್ಟ್ ಚೀನಾಕ್ಕೆ ಅಮೆರಿಕವು ರಾಜತಾಂತ್ರಿಕ ಮಾನ್ಯತೆ ನೀಡಬೇಕು ಎಂಬುದು ಆ ಸಾಲಿನ ಕಾಲೇಜು ಚರ್ಚೆಗಳ ವಿಷಯ. ಮೆಕಾರ್ಥಿಯ ಕಾಲದ ಭಯ ಇನ್ನೂ ಆರಿರಲಿಲ್ಲ. ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಯೂ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿಯೂ ತಮ್ಮ ವಿದ್ಯಾರ್ಥಿಗಳನ್ನು ಕಳುಹಿಸಲು ಒಪ್ಪಲಿಲ್ಲ. ಚೀನಾದ ಪರವಾಗಿ ಒಮ್ಮೆ ಮಾತಾಡಿದವನು ಚೀನಾದವನೇ ಆಗಿಬಿಟ್ಟರೆ? ಶಿಕ್ಷಕರಲ್ಲೂ ಎರಡು ಪಂಗಡಗಳಾದವು. ಆತ್ಮಸಾಕ್ಷಿಗೆ ವಿರುದ್ಧವಾಗಿ ಮಾತಾಡಿಸುವುದು ಅನೈತಿಕವೆಂದು ಕೆಲವರು ವಾದಿಸಿದರು. ಎರಡೂ ಕಡೆಯನ್ನು ಹೊಕ್ಕು ನೋಡದವನ ನಂಬಿಕೆಗೆ ಬೇರಿಲ್ಲವೆಂದು ಮತ್ತೆ ಕೆಲವರು ಹೇಳಿದರು. ಅಮೆರಿಕದ ಪ್ರೌಢಶಾಲೆಗಳಲ್ಲಿ ನಡೆಯುವ ಒಂದು ಬಗೆಯ ಚರ್ಚೆಗೆ ಲಿಂಕನ್ ಮತ್ತು ಡಗ್ಲಾಸರ ಹೆಸರಿದೆ. 1858ರಲ್ಲಿ ಇಲಿನಾಯ್ ರಾಜ್ಯದಲ್ಲಿ ಅವರಿಬ್ಬರೂ ಗುಲಾಮಗಿರಿಯ ವಿಸ್ತರಣೆಯ ಬಗ್ಗೆ 7 ಊರುಗಳಲ್ಲಿ ಮುಖಾಮುಖಿಯಾಗಿದ್ದರು. ಲಿಂಕನ್ ಚೀಟಿ ಎತ್ತಿ ಪಕ್ಷ ಆರಿಸಿಕೊಂಡವರಲ್ಲ. ಅವರ ಹೆಸರಿನ ಸ್ಪರ್ಧೆಯಲ್ಲಿ ಮಕ್ಕಳು ಮಾತ್ರ ಒಂದು ಸುತ್ತಿನಲ್ಲಿ ಪರವಾಗಿಯೂ ಮುಂದಿನ ಸುತ್ತಿನಲ್ಲಿ ವಿರೋಧವಾಗಿಯೂ ಮಾತಾಡುತ್ತಾರೆ. ಅಂದಹಾಗೆ ಆ ವರ್ಷ ಸೆನೆಟ್ ಸ್ಥಾನ ದಕ್ಕಿದ್ದು ಡಗ್ಲಾಸರಿಗೆ. ಸೋತವರ ಹೆಸರೇ ಇಂದು ಮೊದಲು ಬರುತ್ತದೆ.

ಈ ಗಂಟನ್ನು ಬಿಡಿಸಲು ನಮಗೆ ದೊಡ್ಡ ಗ್ರಂಥಗಳಿಗಿಂತ ನಮ್ಮ ಪರಿಚಯದ ಮನೆಯೊಂದರ ಪ್ರಸಂಗ ಹೆಚ್ಚು ನೆರವಾಗಿದೆ. ಹೆಣ್ಣುಮಕ್ಕಳ ಮದುವೆಯ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ಮಸೂದೆಯನ್ನು 2021ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಲಾಗಿತ್ತು. ಆ ಮಸೂದೆ ಕಾಯ್ದೆಯಾಗದೆ ಹೋಯಿತು. ಆದರೆ ಶಾಲೆಗಳಿಗೆ ಅದೊಂದು ಒಳ್ಳೆಯ ಚರ್ಚಾವಿಷಯವನ್ನು ಒದಗಿಸಿತು. ಆ ಮನೆಯ ಹುಡುಗಿ ಆಗ ಪ್ರೌಢಶಾಲೆಯಲ್ಲಿದ್ದಳು. ಚೀಟಿಯಲ್ಲಿ ಅವಳಿಗೆ ‘ವಿರೋಧ’ ಬಂತು. ಮತ ಹಾಕುವ ಹಕ್ಕು 18ಕ್ಕೇ ಬರುವಾಗ ಬಾಳ ಸಂಗಾತಿಯನ್ನು ಆರಿಸುವ ಹಕ್ಕಿಗೆ 21 ಏಕೆ, ಬಡತನ ಮತ್ತು ಶಾಲೆಯ ದೂರವನ್ನು ನೀಗದೆ ಕಾನೂನೊಂದೇ ಏನು ಮಾಡೀತು ಎಂದು ಅವಳು ಮಂಡಿಸಿದ ವಾದಕ್ಕೆ ತಾಲೂಕಿನಲ್ಲಿ ಮೊದಲ ಬಹುಮಾನ ಸಿಕ್ಕಿತು. ಜಮಾಅತಿನವರು ಸನ್ಮಾನವನ್ನೂ ಮಾಡಿದರು.

ಪಿಯುಸಿ ಮುಗಿಯುತ್ತಿದ್ದಂತೆ ಅವಳಿಗೊಂದು ಸಂಬಂಧ ಬಂತು. ಹುಡುಗ ಗಲ್ಫ್‌ನಲ್ಲಿದ್ದಾನೆ, ಒಳ್ಳೆಯ ಮನೆತನ. ಅವಳು ಓದಬೇಕೆಂದಳು. ಆಗ ಅವಳ ಮಾಮು ನಗುತ್ತಾ, “ಏನು ಬೇಟಿ, ಇಪ್ಪತ್ತೊಂದರ ತನಕ ಕಾಯೋದು ಬೇಡ ಅಂತ ಸ್ಟೇಜ್ ಮೇಲೆ ನೀನೇ ಹೇಳಿ ಕಪ್ ತಂದಿದ್ದೆಯಲ್ಲ?” ಎಂದರು. ಹುಡುಗಿ ತಲೆಯೆತ್ತಿ, “ಮಾಮು, ಅದು ಚೀಟಿಯಲ್ಲಿ ಬಂದ ಮಾತು. ಇದು ನನ್ನ ಮಾತು” ಎಂದಳು.

ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ. ಆ ಸಂಬಂಧ ಮುಂದುವರಿಯಲಿಲ್ಲ. ಅವಳೀಗ ಪದವಿ ಓದುತ್ತಿದ್ದಾಳೆ.

ನಾವು ಆ ಹುಡುಗಿಯ ಉತ್ತರವನ್ನು ಮತ್ತೆ ಮತ್ತೆ ಯೋಚಿಸಿದ್ದೇವೆ. ನಂಬದ ಪಕ್ಷವನ್ನು ವಾದಿಸಿದ್ದರಿಂದ ಅವಳು ಸುಳ್ಳುಗಾರ್ತಿಯಾಗಲಿಲ್ಲ. ಬದಲಿಗೆ, ಬಂದ ಮಾತು ಯಾವುದು, ತನ್ನ ಮಾತು ಯಾವುದು ಎಂದು ಬೇರ್ಪಡಿಸಲು ಕಲಿತಳು. ಆ ಕಲಿಕೆ ನಮ್ಮಲ್ಲಿ ಎಷ್ಟು ಮಂದಿ ಹಿರಿಯರಿಗಿದೆ? ಮನೆಯಿಂದ, ಮೊಹಲ್ಲಾದಿಂದ, ಪಕ್ಷದಿಂದ, ಟಿ.ವಿ.ಯಿಂದ ಬಂದ ಮಾತನ್ನೇ ನಮ್ಮದೆಂದು ತಿಳಿದು ಜಗಳಕ್ಕೆ ನಿಲ್ಲುವವರು ನಾವು. ಚೀಟಿ ಎತ್ತಿ ಮಾತಾಡುವ ಮಗುವಿಗೆ ತನ್ನ ಕೈಯಲ್ಲಿರುವುದು ಚೀಟಿಯೆಂದು ಗೊತ್ತಿರುತ್ತದೆ. ನಮಗೆ ಅದೂ ಗೊತ್ತಿರುವುದಿಲ್ಲ. ಆದ್ದರಿಂದ ಎರಡೂ ಪಕ್ಷಗಳನ್ನು ವಾದಿಸಲು ಕಲಿಸುವುದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೊಂದು ಷರತ್ತಿದೆ. ವೇದಿಕೆಯಿಂದ ಇಳಿದ ಮೇಲೆ, ‘ಈಗ ಹೇಳು, ನಿನಗೇನನಿಸುತ್ತದೆ?’ ಎಂದು ಕೇಳುವ ಒಬ್ಬರಾದರೂ ಇರಬೇಕು. ಯಾರೂ ಕೇಳದಿದ್ದರೆ ಮಗುವಿಗೆ ಚೀಟಿಯ ಮಾತೇ ಅಭ್ಯಾಸವಾಗಿಬಿಡುತ್ತದೆ. ಅಲ್ಲಿಂದ ಮುಂದೆ ಅದು ಒಳ್ಳೆಯ ವಕ್ತಾರನಾಗಬಹುದು, ಯಾರಿಗೆ ಬೇಕಾದರೂ.

ಗೌರವದ ಇನ್ನೊಂದು ಬಗೆಯನ್ನೂ ಇಲ್ಲಿ ಹೇಳದಿರಲಾಗದು. ಕನ್ನಡ ಭಾಷಣದಲ್ಲಿ ಬಹುಮಾನ ಪಡೆದ ನಮ್ಮ ಮಕ್ಕಳಿಗೆ ಆಗಾಗ ಸಿಗುವ ಮೆಚ್ಚುಗೆ ಅದು. “ಅರೆ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಮ್ಮಾ! ನಿಮ್ಮವರು ಅಂತ ಗೊತ್ತೇ ಆಗೋದಿಲ್ಲ.” ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಒಂದನೇ ತರಗತಿಯಿಂದ ಕನ್ನಡ ಶಾಲೆಯಲ್ಲೇ ಓದಿ, ಕನ್ನಡದಲ್ಲೇ ಲೆಕ್ಕ ಮಾಡಿ, ಕನ್ನಡದಲ್ಲೇ ಕನಸು ಕಾಣುವ ಹುಡುಗಿಗೆ ಆ ಕ್ಷಣದಲ್ಲಿ ತಾನು ಈ ಭಾಷೆಯ ಮನೆಗೆ ಅತಿಥಿಯೆಂದು ತಿಳಿಸಿಕೊಟ್ಟಂತಾಗುತ್ತದೆ. ಬಹುಮಾನದ ಜೊತೆಗೆ ಒಂದು ಗಡಿಯೂ ಸಿಗುತ್ತದೆ. ಹಳ್ಳಿಯ ಮಗುವಿಗೆ, ‘ನಿನ್ನ ಮಾತಲ್ಲಿ ಹಳ್ಳಿಯ ಸೊಗಡೇ ಇಲ್ಲ’ ಎನ್ನುವುದೂ, ಹುಡುಗಿಗೆ ‘ಗಂಡುಮಕ್ಕಳ ಹಾಗೆ ಮಾತಾಡಿದೆ’ ಎನ್ನುವುದೂ ಇದೇ ಜಾತಿಯ ಹೊಗಳಿಕೆಗಳು. ಇವು ಮಗುವಿನ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ನಮ್ಮ ನಿರೀಕ್ಷೆ ಎಷ್ಟು ಕೆಳಗಿತ್ತು ಎಂಬುದನ್ನೇ ಹೇಳುತ್ತವೆ. ಅವಳು ಏನು ಹೇಳಿದಳು ಎಂಬುದು ಈ ಮೆಚ್ಚುಗೆಯಲ್ಲಿ ಎಲ್ಲೂ ಬರುವುದಿಲ್ಲ ಎಂಬುದನ್ನು ಗಮನಿಸಿ. ಅವಳ ನಾಲಿಗೆಯನ್ನು ನೋಡಿದರು, ಮಾತನ್ನು ಕೇಳಲಿಲ್ಲ.

ಉರ್ದುವಿನಲ್ಲಿ ಮುಶಾಯಿರಾದ ಕವಿಗೆ ಸಿಗುವ ಮೆಚ್ಚುಗೆಯನ್ನು ‘ದಾದ್’ ಎನ್ನುತ್ತಾರೆ. ವಾಹ್ ವಾಹ್ ಎನ್ನುವುದು, ಮತ್ತೊಮ್ಮೆ ಓದಿರೆಂದು ಒತ್ತಾಯಿಸುವುದು, ಎಲ್ಲವೂ ದಾದ್. ಇದು ಫಾರ್ಸಿಯಿಂದ ಬಂದ ಪದ. ಅದರ ಮೂಲ ಅರ್ಥ ನ್ಯಾಯ. ಅನ್ಯಾಯಕ್ಕೊಳಗಾದವನು ಅರಸನಲ್ಲಿ ಬೇಡುತ್ತಿದ್ದುದೂ ದಾದ್, ಕವಿ ಸಭಿಕರಲ್ಲಿ ನಿರೀಕ್ಷಿಸುವುದೂ ದಾದ್. ಎರಡಕ್ಕೂ ಒಂದೇ ಪದ ಬಂದದ್ದು ನಮಗೆ ತುಂಬ ಅರ್ಥಪೂರ್ಣವಾಗಿ ಕಾಣುತ್ತದೆ. ಹೊಗಳುವುದೆಂದರೆ ಹೇಳಿದ ಮಾತಿಗೆ ನ್ಯಾಯ ಸಲ್ಲಿಸುವುದು. ನ್ಯಾಯ ಸಲ್ಲಿಸಲು ಮೊದಲು ಪೂರ್ತಿ ಕೇಳಬೇಕು. ಕೇಳದೆ ಕೊಟ್ಟ ತೀರ್ಪು ಎಷ್ಟು ಅನ್ಯಾಯವೋ, ಕೇಳದೆ ತಟ್ಟಿದ ಚಪ್ಪಾಳೆಯೂ ಅಷ್ಟೇ ಅನ್ಯಾಯ. ಮುಶಾಯಿರಾದಲ್ಲಿ ಶೇರಿನ ಮೊದಲ ಸಾಲಿಗೇ ವಾಹ್ ಎಂದುಬಿಡುವವನನ್ನು ಬಲ್ಲವರು ಓರೆಗಣ್ಣಿನಿಂದ ನೋಡುತ್ತಾರೆ. ಎರಡನೆಯ ಸಾಲು ಬರುವ ತನಕ ಕಾಯಬೇಕು. ಅದು ಅದಬ್.

ಹಾಗಾದರೆ ಮಾತಿನ ಮಕ್ಕಳನ್ನು ಗೌರವಿಸುವುದೆಂದರೆ ಅವರ ಮುಂದಿನ ಮಾತನ್ನು ಕೇಳುತ್ತೇವೆಂದು ಸಮಾಜ ಕೊಡುವ ವಾಗ್ದಾನ ಎಂದು ನಾವು ತಿಳಿಯುತ್ತೇವೆ. ಶಾಲು, ಫಲಕಗಳು ಆ ವಾಗ್ದಾನದ ರಸೀದಿಗಳು. ಈ ವಾಗ್ದಾನ ಅಷ್ಟೇನೂ ಸುಲಭದ್ದಲ್ಲ. ವೇದಿಕೆಯ ಮೇಲೆ ವರದಕ್ಷಿಣೆಯ ವಿರುದ್ಧ ಗುಡುಗಿದ ಹುಡುಗ ನಾಳೆ ತನ್ನ ಅಣ್ಣನ ಮದುವೆಯ ಮಾತುಕತೆಯಲ್ಲಿ ಬಾಯಿ ತೆರೆಯಬಹುದು. ಪರಿಸರದ ಬಗ್ಗೆ ಮಾತಾಡಿ ಗೆದ್ದವಳು ಸಮಾರಂಭದಲ್ಲಿ ನಾವು ಹಂಚಿದ ಪ್ಲಾಸ್ಟಿಕ್ ಲೋಟವನ್ನು ತೋರಿಸಬಹುದು. ಆಗ ‘ದೊಡ್ಡವರ ನಡುವೆ ಮಾತಾಡಬೇಡ’ ಎಂದು ಗದರುವುದಾದರೆ, ಕೊಟ್ಟ ಬಹುಮಾನವನ್ನು ನಾವೇ ಹಿಂದಕ್ಕೆ ಕಸಿದುಕೊಂಡಂತೆ. ಮಾತು ವೇದಿಕೆಗೆ, ಮೌನ ಮನೆಗೆ ಎಂಬ ಪಾಠವನ್ನು ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಹೆಣ್ಣುಮಕ್ಕಳಂತೂ ಇನ್ನೂ ಬೇಗ ಕಲಿಯುತ್ತಾರೆ. ತಾಲೂಕು, ಜಿಲ್ಲಾ ಮಟ್ಟದ ಫಲಕಗಳನ್ನು ಶೋಕೇಸಿನಲ್ಲಿಟ್ಟು ಹತ್ತು ವರ್ಷಗಳಿಂದ ಯಾವ ಸಭೆಯಲ್ಲೂ ಬಾಯಿ ತೆರೆಯದ ಎಷ್ಟು ಮಂದಿ ತಾಯಂದಿರು ನಮ್ಮ ನಿಮ್ಮ ಮನೆಗಳಲ್ಲಿಲ್ಲ?

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಿಲ್ಲ. ತೀರ್ಪುಗಾರರ ಹಾಳೆಯಲ್ಲಿ ಒಂದು ಅಂಕಣ ಹೆಚ್ಚಿಸಿದರೆ ಸಾಕು. ಎದುರಾಳಿ ಹೇಳಿದ್ದನ್ನು, ಅವನೇ ‘ಹೌದು, ನಾನು ಹೇಳಿದ್ದು ಅದನ್ನೇ’ ಎಂದು ಒಪ್ಪುವಂತೆ ಮೊದಲು ಹೇಳಿ, ಆಮೇಲೆ ಉತ್ತರಿಸಿದ ಮಗುವಿಗೆ ಹೆಚ್ಚು ಅಂಕ. ಪ್ರತಿ ಭಾಷಣದ ನಂತರ ಸಭೆಯಿಂದ ಒಂದು ಪ್ರಶ್ನೆ. ಆಗ ಬರೆದುಕೊಟ್ಟವರು ಯಾರು, ಯೋಚಿಸಿದವರು ಯಾರು ಎಂದು ತಾನಾಗಿಯೇ ತಿಳಿಯುತ್ತದೆ. ಭಾಗವಹಿಸಿ ಸೋತವರ ಹೆಸರುಗಳನ್ನೂ ವೇದಿಕೆಯಲ್ಲಿ ಒಮ್ಮೆ ಓದಬೇಕು. ಪುರಸ್ಕಾರ ಸಮಾರಂಭದಲ್ಲಿ ಅತಿಥಿಗಳ ಪಟ್ಟಿಯಿಂದ ಇಬ್ಬರನ್ನು ಕಡಿಮೆ ಮಾಡಿ ಆ ಸಮಯವನ್ನು ಮಕ್ಕಳಿಗೆ ಕೊಡಬೇಕು. ಅಲ್ಲಿ ಅವರಿಗೆ ಪರ ವಿರೋಧದ ಚೀಟಿ ಬೇಡ. ತಮ್ಮ ಶಾಲೆಯ ಬಗ್ಗೆ, ಬಸ್ಸಿನ ಬಗ್ಗೆ, ನಮ್ಮ ಬಗ್ಗೆ ತಮಗೆ ಅನಿಸಿದ್ದನ್ನು ಹೇಳಲಿ. ವೇದಿಕೆಯಲ್ಲಿ ಕೂತವರು ಆ ಹೊತ್ತು ಕೆಳಗಿಳಿದು ಸಭಿಕರ ನಡುವೆ ಕೂರಲಿ.

ಮಗು ಹೇಳಿದ್ದು ನಮಗೆ ಇಷ್ಟವಾಗದಿರಬಹುದು. ಅದು ತಪ್ಪೂ ಆಗಿರಬಹುದು. ತಪ್ಪಾದರೆ ಎದುರು ವಾದ ಹೂಡಲು ನಮಗೂ ಬಾಯಿಯಿದೆ. ಆದರೆ ಅದಕ್ಕೂ ಮೊದಲು, ‘ನೀನು ಹೇಳಿದ್ದು ಇದನ್ನೇ ಅಲ್ಲವೇ ಮಗೂ?’ ಎಂದು ಕೇಳಿ, ಅದು ಹೌದೆಂದು ತಲೆಯಾಡಿಸುವ ತನಕ ನಾವು ಕಾಯಬೇಕು.